ಒಂಬೈನೂರು ಕೋಣೆಗಳಿಗೆ ಒಬ್ಬ ಪ್ರೂಫ್ ಅಕ್ಕ

ಬೆಳಗಿನ ಐದೂಕಾಲು. ಬೀದಿಯಲ್ಲಿ ಇನ್ನೂ ಒಂದು ನರಪಿಳ್ಳೆಯೂ ಇಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮಾತ್ರ ಒಂದು ಕಿಟಕಿಗೆ ಬೆಳಕು ಬಂದಿದೆ. ಒಳಗೆ ಐವತ್ನಾಲ್ಕು ವರ್ಷದ ಹೆಂಗಸೊಬ್ಬರು ಕನ್ನಡಕ ಒರೆಸಿಕೊಂಡು ಮೂರು ಪರದೆಗಳ ಮುಂದೆ ಕೂರುತ್ತಾರೆ. ಒಂದು ಹಳೇ ಕಂಪ್ಯೂಟರಿನದು, ಒಂದು ಹೊಸದರದು, ಮೂರನೆಯದು ಮೊಬೈಲ್. ಮೂರರಲ್ಲೂ ಒಂದೇ ಚಿತ್ರ ತೆರೆಯುತ್ತಾರೆ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಕಣ್ಣು ಸಾಗುತ್ತದೆ. ಮೂರೂ ಒಂದೇ ಥರ ಇದ್ದರೆ ಒಂದು ಟಿಕ್. ಮುಂದಿನ ಚಿತ್ರ.

ಆದರೆ ಒಂದು ಸರಣಿಯ ಚಿತ್ರಗಳು ಬಂದಾಗ ಅವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಯಾಕೆಂದು ಕೇಳಿದರೆ ನಗುತ್ತಾರೆ. “ಅಭ್ಯಾಸ ಆಗಿಬಿಟ್ಟಿದೆ. ಬೇರೆಯವರ ಕೋಣೆಗೆ ಹೋಗೋ ಮುಂಚೆ ಒಂದು ಹೆಜ್ಜೆ ಹಿಂದೆ ನಿಲ್ತೀವಲ್ಲ, ಹಾಗೆ.”

ಆಫೀಸಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಪ್ರೂಫ್ ಅಕ್ಕ ಎಂದೇ. ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಮುದ್ರಣಾಲಯಕ್ಕೆ ಬೀಗ ಬಿದ್ದ ಮೇಲೆ ಎಂಟು ತಿಂಗಳು ಕೈಕಟ್ಟಿ ಕೂತರು. ದರ್ಜಿ ಕೆಲಸದ ಗಂಡ ಮನೆಯಲ್ಲೇ ಪ್ಯಾಂಟುಗಳನ್ನು ಗಿಡ್ಡ ಮಾಡಿ, ಉದ್ದ ಮಾಡಿ ಸಂಸಾರ ತೂಗಿಸಿದರು. ಆಗ ಇಲ್ಲಿನ ಮಾಲೀಕರು ಹೇಳಿ ಕಳಿಸಿದರು: ಎರಡು ಪ್ರತಿ ಹೋಲಿಸಿ ನೋಡುವ ಕಣ್ಣು ಬೇಕು, ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. “ಕೂತು ಚಿತ್ರ ನೋಡೋಕೆ ಸಂಬಳಾನಾ ಅಂತ ನೆಂಟರೆಲ್ಲ ನಕ್ಕರು,” ಎನ್ನುತ್ತಾರೆ ಅಕ್ಕ. ಗಂಡನ ತಕರಾರು ಬೇರೆ ಥರದ್ದು: “ಮೂವತ್ತು ವರ್ಷದಲ್ಲಿ ನನ್ನ ಮುಖಾನ ಇಷ್ಟು ಗಮನ ಇಟ್ಟು ನೋಡಿದ್ದರೆ ಸಾಕಿತ್ತು.”

ಈ ಆಫೀಸಿನವರು ಮಾಡುವುದು ಡಿಜಿಟಲ್ ಕಲಾಕೃತಿಗಳನ್ನು ಬ್ಲಾಕ್‌ಚೈನ್‌ನಲ್ಲಿ ಇಡುವ ಕೆಲಸ. ಬ್ಲಾಕ್‌ಚೈನ್ ಎಂದರೆ ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಕಚ್ಚಿಕೊಂಡ ದಾಖಲೆಯ ಪುಟಗಳು. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಅವುಗಳ ಪ್ರತಿ. ಒಮ್ಮೆ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ, ಬರೆದವರೂ ಅಳಿಸುವಂತಿಲ್ಲ. ಇಲ್ಲಿನ ಕಲಾವಿದರು ಚಿತ್ರವನ್ನು ಕೊಡುವುದಿಲ್ಲ, ಚಿತ್ರ ಬಿಡಿಸುವ ಪ್ರೋಗ್ರಾಂ ಕೊಡುತ್ತಾರೆ. ಯಾರಾದರೂ ಒಂದು ಕೃತಿ ಕೊಂಡ ಕ್ಷಣ ಉದ್ದನೆಯದೊಂದು ಸಂಖ್ಯೆ ಹುಟ್ಟುತ್ತದೆ. ಕಿಟಕಿ ಎಲ್ಲಿ, ಬಣ್ಣ ಯಾವುದು, ನೆರಳು ಎಷ್ಟು ಎಂಬುದೆಲ್ಲ ಆ ಸಂಖ್ಯೆಯಿಂದ ತೀರ್ಮಾನವಾಗುತ್ತದೆ. ಆಮೇಲೆ ಕೊಂಡವರು ಪ್ರತಿ ಸಲ ತೆರೆದಾಗಲೂ ಪ್ರೋಗ್ರಾಂ ಅದನ್ನು ಮೊದಲಿನಿಂದ ಬಿಡಿಸುತ್ತದೆ.

ಅಕ್ಕ ಇದನ್ನೇ ಒಂದು ಮಾತಿನಲ್ಲಿ ಮುಗಿಸುತ್ತಾರೆ: “ಇಲ್ಲಿ ಚಿತ್ರ ಇಟ್ಟಿಲ್ಲ. ಚಿತ್ರ ಬಿಡಿಸೋ ಕೈ ಇಟ್ಟಿದ್ದಾರೆ.”

ಬರೆದದ್ದು ಬದಲಾಗದಿದ್ದರೂ ಅದನ್ನು ಓದುವ ಯಂತ್ರಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಹೊಸ ಯಂತ್ರ ಪ್ರೋಗ್ರಾಂನ ಒಂದು ಸಾಲನ್ನು ತಪ್ಪಾಗಿ ಓದಿದರೆ ನೀಲಿ ಆಕಾಶ ಕಪ್ಪಾದೀತು. ಅಂಥದ್ದನ್ನು ಹಿಡಿಯುವುದು ಅಕ್ಕನ ಕೆಲಸ. ಹನ್ನೊಂದು ಮಂದಿ ಕಲಾವಿದರ ಸುಮಾರು ಏಳು ಸಾವಿರ ಚಿತ್ರಗಳು ಇವರ ಪಾಲಿಗಿವೆ. ದಿನಕ್ಕೆ ಮುನ್ನೂರು ಚಿತ್ರ, ಮೂರು ಪರದೆ, ಒಂಬೈನೂರು ನೋಟ. ಆರು ವರ್ಷದಲ್ಲಿ ಸಿಕ್ಕ ತಪ್ಪುಗಳು ನಲವತ್ತೇಳು. ಮಧ್ಯಾಹ್ನದ ಹೊತ್ತಿಗೆ ಹಣೆಯ ಎಡಬದಿ ಸಿಡಿಯತೊಡಗುತ್ತದೆ. ಒದ್ದೆ ಬಟ್ಟೆ ಕಣ್ಣಿಗಿಟ್ಟು ಹತ್ತು ನಿಮಿಷ ಒರಗುತ್ತಾರೆ.

ಅವರು ಕುರ್ಚಿ ಹಿಂದಕ್ಕೆಳೆದು ನೋಡುವ ಸರಣಿಯ ಹೆಸರು ‘ಕೋಣೆಗಳು’. ಒಟ್ಟು ಒಂಬೈನೂರು. ಬರೆದವರು ಮನೆ ನಕ್ಷೆ ಬರೆದು ಬದುಕುತ್ತಿದ್ದ, ಮದುವೆಯಾಗದ, ಮಿತಭಾಷಿ ಮನುಷ್ಯ. ಪ್ರತಿ ಚಿತ್ರದಲ್ಲೂ ಒಂದು ಕೋಣೆ, ಒಂದಾದರೂ ಕುರ್ಚಿ, ದೂರದ ಗೋಡೆಯಲ್ಲಿ ತೆರೆದ ಬಾಗಿಲು. ಬಾಗಿಲಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಗಂಡಸೊಬ್ಬ ನಿಂತಿರುತ್ತಿದ್ದ. ಒಳಗೆ ಬರುವವನೋ ಹೊರಗೆ ಹೋಗುವವನೋ ಹೇಳಲಾಗುತ್ತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅಕ್ಕ ಆ ಸರಣಿಯ ಒಂದು ಚಿತ್ರ ತೆರೆದರು. ಬಾಗಿಲು ಇತ್ತು. ಮನುಷ್ಯ ಇರಲಿಲ್ಲ. ಮೂರು ಪರದೆಯಲ್ಲೂ ಇರಲಿಲ್ಲ. ಮುಂದಿನದು ತೆರೆದರು, ಅದರಲ್ಲೂ ಇಲ್ಲ. ನೂರು ದಾಟಿ ಇನ್ನೂರು ನೋಡಿದರು. ಬಾಗಿಲುಗಳೆಲ್ಲ ಖಾಲಿ ಬಿದ್ದಿದ್ದವು.

“ಒಂದು ಪುಟದಲ್ಲಿ ಅಕ್ಷರ ಬಿದ್ದುಹೋದರೆ ತಪ್ಪು ಅಂತೀವಿ. ಎಲ್ಲಾ ಪುಟದಲ್ಲೂ ಅದೇ ಅಕ್ಷರ ಇಲ್ಲ ಅಂದ್ರೆ? ಯಾರೋ ಬೇಕಂತಲೇ ತೆಗೆದಿದ್ದಾರೆ ಅಂತ.”

ಒಂಬತ್ತಕ್ಕೆ ಬಂದ ಆಫೀಸಿನ ಎಂಜಿನಿಯರ್ ಹುಡುಗಿ ಪ್ರೋಗ್ರಾಂ ತೆಗೆದು ಸಾಲುಸಾಲಾಗಿ ಓದುತ್ತಾ ಹೋದಳು. ಮಧ್ಯದಲ್ಲಿ ಯಾರೂ ಗಮನಿಸದ ನಾಲ್ಕು ಸಾಲುಗಳಿದ್ದವು. ಚಿತ್ರ ಬರೆದವರು ಆಗಾಗ ತಮ್ಮ ಕಂಪ್ಯೂಟರಿನಿಂದ ಒಂದು ಸಂಕೇತ ಕಳಿಸಬೇಕು. ನಲವತ್ತು ದಿನ ಸಂಕೇತ ಬಾರದಿದ್ದರೆ ಬಾಗಿಲಿನ ಮನುಷ್ಯನನ್ನು ಬಿಡಿಸಬಾರದು.

“ಏನು ಸಂಕೇತ?” ಎಂದು ಕೇಳಿದರು ಅಕ್ಕ.

“ಅದಕ್ಕೆ ಅವರು ಇಟ್ಟಿರೋ ಹೆಸರು ‘ಇದ್ದೇನೆ’ ಅಂತ, ಅಕ್ಕಾ.”

ಫೋನು ಮಾಡಿದರೆ ಸ್ವಿಚ್ ಆಫ್. ಮಾಲೀಕರು ನಾಳೆ ನೋಡೋಣ ಎಂದರು. ಅಕ್ಕನಿಗೆ ತಡೆಯಲಾಗಲಿಲ್ಲ, ವಿಳಾಸ ಹಿಡಿದು ಹೊರಟೇಬಿಟ್ಟರು. ಮೂರನೇ ಮಹಡಿ, ಬಣ್ಣ ಎದ್ದ ಹಸಿರು ಬಾಗಿಲು. ತೆರೆದವರು ಅರವತ್ತರ ಆಸುಪಾಸಿನ ಹೆಂಗಸು, ಕಲಾವಿದರ ತಂಗಿ.

“ಅಣ್ಣ ಹೋಗಿ ನಲವತ್ತೊಂದು ದಿನ ಆಯ್ತಮ್ಮ,” ಎಂದರು ತಂಗಿ. “ಮಲಗಿದ್ದವನು ಏಳಲಿಲ್ಲ. ಯಾರಿಗೆ ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ನಿಮಗೆ ಯಾರು ಹೇಳಿದರು?”

ತಂಗಿಯ ಹಿಂದೆ ಕೋಣೆ ಕಾಣುತ್ತಿತ್ತು. ಎರಡು ಗಾಜಿನ ಕಿಟಕಿ, ನೆಲದಲ್ಲಿ ಓರೆಯಾಗಿ ಬಿದ್ದ ಬಿಸಿಲು, ಒಂಟಿ ಕುರ್ಚಿ. ಇದೇ ಕೋಣೆಯನ್ನು ಅವರು ಒಂಬೈನೂರು ಬಗೆಯಲ್ಲಿ ನೋಡಿದ್ದರು. ತಾವು ಈಗ ನಿಂತಿರುವುದು ಆ ಬಾಗಿಲಿನಲ್ಲೇ ಎಂದು ಹೊಳೆದಾಗ ಥಟ್ಟನೆ ಒಳಗೆ ಹೆಜ್ಜೆ ಇಟ್ಟರಂತೆ.

ಸಾವಿನ ಸುದ್ದಿ ಚಿತ್ರ ಕೊಂಡವರಿಗೆ ಹೇಗೆ ತಿಳಿಸುವುದೆಂದು ಮಾಲೀಕರು ಯೋಚಿಸುತ್ತಲೇ ಮೂರು ವಾರ ಕಳೆದರು. ಆಗ ಅಂಥದ್ದೇ ಎರಡನೆಯ ಬೆಳಗು ಬಂತು. ಅಕ್ಕ ಎಂದಿನಂತೆ ಒಂದು ಕೋಣೆ ತೆರೆದರು. ಬಾಗಿಲು ಮುಚ್ಚಿತ್ತು. ಮನುಷ್ಯ ಒಳಗಿದ್ದ. ಅಕ್ಕಿಕಾಳಿನಷ್ಟು ಇದ್ದವನು ಈಗ ಹೆಬ್ಬೆರಳಿನಷ್ಟು ದೊಡ್ಡವನಾಗಿದ್ದ. ಕುರ್ಚಿಯಲ್ಲಿ ಕೂತಿದ್ದ, ನೋಡುವವರಿಗೆ ಬೆನ್ನು ಹಾಕಿ. ಒಂಬೈನೂರರಲ್ಲೂ.

“ಎದ್ದು ಬಂದು ಮೆಟ್ಟಿಲ ಮೇಲೆ ಕೂತೆ. ಕೆಳಗೆ ಸೈಕಲ್ ಅಂಗಡಿಯವರು ಬಾಗಿಲು ತೆಗೆಯೋ ಸದ್ದು ಕೇಳೋವರೆಗೂ ಒಳಗೆ ಹೋಗಲಿಲ್ಲ. ನಾನು ಹೆದರುಪುಕ್ಕಲಿ ಅಲ್ಲ. ಆದರೆ ಅವರು ಹೋಗಿದ್ದಾರೆ ಅಂತ ನನಗೆ ಗೊತ್ತಿತ್ತಲ್ಲ.”

ಎಂಜಿನಿಯರ್ ದಾಖಲೆ ನೋಡಿದಳು. ಹಿಂದಿನ ದಿನ ಸಂಜೆ ನಾಲ್ಕಕ್ಕೆ ‘ಇದ್ದೇನೆ’ ಎಂಬ ಸಂಕೇತ ಬಂದಿತ್ತು. ಬಂದದ್ದು ಸತ್ತವರ ಕಂಪ್ಯೂಟರಿನಿಂದ.

ಅಕ್ಕ ಮತ್ತೆ ಹಸಿರು ಬಾಗಿಲು ತಟ್ಟಿದರು. ತಂಗಿ ಮೇಜಿನ ಕಡೆ ಕೈ ತೋರಿಸಿದರು. ಕಂಪ್ಯೂಟರಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಧನವೊಂದು ಸಿಕ್ಕಿಸಿತ್ತು, ಅದಕ್ಕೊಂದು ಗುಂಡಿ. “ಅಣ್ಣ ಹೋದಾಗಿಂದ ಇದನ್ನ ಆರಿಸೋಕೆ ಮನಸ್ಸು ಬಂದಿಲ್ಲಮ್ಮ. ನಿನ್ನೆ ಧೂಳು ಒರೆಸ್ತಿದ್ದೆ. ಇದು ಕೆಂಪಗೆ ಮಿಣುಕ್ತಿತ್ತು. ಏನೋ ಕೇಳ್ತಿದೆ ಅನ್ನಿಸ್ತು, ಒತ್ತಿದೆ. ಹಸಿರಾಯ್ತು.”

ಅಕ್ಕ ಮೊಬೈಲಿನಲ್ಲಿ ಚಿತ್ರ ತೋರಿಸಿದರು. ತಂಗಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಎಡ ಭುಜ ಇಳಿಬಿಟ್ಟಿದ್ದಾನೆ. ಹಾಗೇ ಕೂರ್ತಿದ್ದ,” ಎಂದರು. ಆಮೇಲೆ ತಿರುಗಿ ಕೋಣೆಯ ಕುರ್ಚಿಯನ್ನೂ ಅಷ್ಟೇ ಹೊತ್ತು ನೋಡಿದರು. ಅಕ್ಕ ಆ ಕಡೆ ನೋಡಲಿಲ್ಲ.

ಇಷ್ಟು ಹೊತ್ತಿಗೆ ಕೊಂಡವರಿಂದ ಸಂದೇಶಗಳು ಬರತೊಡಗಿದ್ದವು. ಕಲಾವಿದರಿಗೆ ಹುಷಾರಿರಲಿಲ್ಲವೇ, ಈಗ ಗುಣವಾಯಿತೇ, ಮತ್ತೆ ಬಂದದ್ದು ನೋಡಿ ಸಂತೋಷವಾಯಿತು ಎಂದೆಲ್ಲ. ಮಾಲೀಕರಿಗೆ ಹೋದ ಜೀವ ಬಂದಂತಾಯಿತು. ಜಗಳ ಆದದ್ದು ಅಲ್ಲಿ.

“ಸುಮ್ಮನಿದ್ದುಬಿಡೋಣ ಅಕ್ಕ. ಮೂರೂ ಪರದೆಯಲ್ಲಿ ಒಂದೇ ಥರ ಇದೆ ತಾನೆ? ಟಿಕ್ ಹಾಕಿ.”

“ಒಂದೇ ಥರ ಇದೆ ಸರ್. ಆದರೆ ಅದು ಹೇಳ್ತಿರೋದು ಸುಳ್ಳು. ಕೆಳಗೆ ಒಂದು ಟಿಪ್ಪಣಿ ಬರೀಬೇಕು.”

“ಬರೆದರೆ ಅಳಿಸೋಕಾಗಲ್ಲ, ಗೊತ್ತಲ್ವಾ?”

“ಅದಕ್ಕೇ ಬರೀಬೇಕು.”

ಹಾಗಿದ್ದರೆ ನಾಲ್ಕು ದಿನ ಮನೆಯಲ್ಲಿರಿ ಎಂದರು ಮಾಲೀಕರು. ಅಕ್ಕ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದರು. ಕೆಲಸ ಹೋಯಿತೆಂದೇ ತಿಳಿದು ಗಂಡ ಅಂದಿನಿಂದಲೇ ಇನ್ನೆರಡು ಅಂಗಡಿಗಳಿಂದ ಹೊಲಿಗೆ ತಂದರು. ಅಕ್ಕನ ಜಾಗಕ್ಕೆ ಬೆಳಿಗ್ಗೆ ಎಂಜಿನಿಯರ್ ಹುಡುಗಿಯನ್ನು ಕೂರಿಸಿದರು. ಲೆಕ್ಕವನ್ನೆಲ್ಲ ಅರೆದು ಕುಡಿದವಳು, ಎರಡೇ ದಿನಕ್ಕೆ ಕೈಯೆತ್ತಿದಳು. “ಆ ಬೆನ್ನುಗಳ ಮುಂದೆ ಒಬ್ಬಳೇ ಕೂರೋಕೆ ನನ್ನ ಕೈಲಾಗಲ್ಲ ಸರ್, ಅಕ್ಕನ್ನ ಕರೆಸಿ,” ಎಂದಳಂತೆ. ಮೂರನೇ ದಿನ ಮಾಲೀಕರೇ ಅಕ್ಕನ ಮನೆಗೆ ಬಂದರು. ಟಿಪ್ಪಣಿ ಬರೆಯುವುದು ಎಂದಾಯಿತು.

ಬರೆಯುವ ಮುಂಚೆ ಅಕ್ಕ ಅದನ್ನು ತಂಗಿಗೆ ಓದಿ ಹೇಳಿದರು. ‘ಈ ಕೋಣೆಗಳನ್ನು ಬರೆದವರು ತೀರಿಕೊಂಡಿದ್ದಾರೆ. ಗುಂಡಿ ಒತ್ತುತ್ತಿರುವವರು ಅವರ ತಂಗಿ.’ ತಂಗಿ ಒಪ್ಪಿದರು. ಒಂದೇ ಒಂದು ತಿದ್ದುಪಡಿ ಕೇಳಿದರು: ‘ಒಬ್ಬಳೇ’ ಎಂದು ಸೇರಿಸಿ ‘ಅವರ ಒಬ್ಬಳೇ ತಂಗಿ’ ಎನ್ನಬೇಕು. ಅಕ್ಕ ಸೇರಿಸಿದರು. ಬ್ಲಾಕ್‌ಚೈನ್‌ನಲ್ಲಿ ಆ ಎರಡು ಸಾಲು ಈಗಲೂ ಇವೆ, ಇರುತ್ತವೆ.

ಗುಂಡಿ ಒತ್ತುವುದನ್ನು ತಂಗಿ ಬಿಟ್ಟಿಲ್ಲ. ಸಾಧನ ತಿಂಗಳಿಗೊಮ್ಮೆ ಮಿಣುಕುತ್ತದೆ, ಅವರು ಒತ್ತುತ್ತಾರೆ. ಎರಡನೇ ಸಲ ಒತ್ತಿದ ಮರುದಿನ ಅಕ್ಕನಿಗೆ ಕೂತವನ ತಲೆ ಎಲ್ಲೋ ಒಂದಿಷ್ಟು ಬದಲಾದಂತೆ ಕಂಡಿತು. ಎಂಜಿನಿಯರ್ ಅಳೆದು ನೋಡಿದಳು, ನಿಜವೇ. ಮೊದಲ ಸಲ ಅವಳು ಓದು ನಿಲ್ಲಿಸಿದ್ದ ಜಾಗದಿಂದ ಬಹಳ ಕೆಳಗೆ, ಪ್ರೋಗ್ರಾಂನ ಕೊನೆಯಲ್ಲಿ ಅದಕ್ಕೂ ಸಾಲುಗಳಿದ್ದವು. ನಿಂತುಹೋದ ಸಂಕೇತ ಮತ್ತೆ ಬಂದರೆ ಮನುಷ್ಯ ಒಳಗೆ ಬಂದು ಕೂರಬೇಕು, ಆಮೇಲೆ ಪ್ರತಿ ಒತ್ತಿಗೂ ತಲೆ ಒಂಬತ್ತು ಡಿಗ್ರಿ ತಿರುಗಬೇಕು. ಇಪ್ಪತ್ತು ಒತ್ತಿಗೆ ಮುಖ ಪೂರ್ತಿ ನಮ್ಮ ಕಡೆಗೆ. ಈವರೆಗೆ ಏಳು ಸಲ ತಿರುಗಿದೆ. ಕಿವಿ ಕಾಣುತ್ತಿದೆ, ಕೆನ್ನೆಯ ಅಂಚು ಕಾಣುತ್ತಿದೆ.

ತಾನು ಸತ್ತ ಮೇಲೆ ಯಾರಾದರೂ ಆ ಗುಂಡಿ ಒತ್ತುತ್ತಾರೆಂದು ಆ ಮನುಷ್ಯನಿಗೆ ಹೇಗೆ ಗೊತ್ತಿತ್ತು? ಕಾಯಿಲೆ ಬಿದ್ದು ಎದ್ದರೆ ಇರಲಿ ಎಂದು ಬರೆದಿದ್ದಿರಬಹುದು ಎನ್ನುತ್ತಾಳೆ ಎಂಜಿನಿಯರ್, ಆದರೆ ಕೆಲಸ ಮಾಡುವಾಗ ಆ ಪರದೆಗಳ ಕಡೆಗೆ ಮುಖ ಮಾಡಿ ಕೂರುವುದಿಲ್ಲ. ಕೊನೆಯ ಚಿತ್ರ ಹೇಗಿರುತ್ತದೆಂದು ಈಗಲೇ ಲೆಕ್ಕ ಹಾಕಿ ತೋರಿಸಬಲ್ಲೆ ಎಂದು ಒಮ್ಮೆ ಹೇಳಿದ್ದಳು. ಅಕ್ಕ ಬೇಡವೆಂದರು. “ಓದ್ತಿರೋ ಪುಟ ಬಿಟ್ಟು ಮುಂದಿನ ಪುಟಕ್ಕೆ ಹಾರಬಾರದು ಅಂತ ಮುದ್ರಣಾಲಯದಲ್ಲಿ ಕಲಿಸಿದ್ರು. ಹಾರಿದ್ರೆ ನಡುವಿನ ತಪ್ಪು ಕಾಣಲ್ಲ.” ತಂಗಿಯನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ನಿಧಾನವಾಗಿ ತಿರುಗಲಿ ಬಿಡಮ್ಮ. ನಾನು ಇಲ್ಲೇ ಇರ್ತೀನಲ್ಲ.”

ಮುಂದಿನ ತಿಂಗಳು ಆ ತಂಗಿಗೆ ಮಂಡಿಯ ಶಸ್ತ್ರಚಿಕಿತ್ಸೆ. ಆಸ್ಪತ್ರೆಯಲ್ಲಿರುವಷ್ಟು ದಿನ ಹಸಿರು ಬಾಗಿಲಿನ ಕೀಲಿಕೈಯನ್ನು ಅಕ್ಕನಿಗೆ ಕೊಟ್ಟಿರುತ್ತಾರೆ. ಒಂಟಿ ಕುರ್ಚಿಯ ಆ ಕೋಣೆಗೆ ಅಕ್ಕ ಒಬ್ಬರೇ ಹೋಗಿ ಗುಂಡಿ ಒತ್ತಿ ಬರಬೇಕು. ಗಂಡ ಜೊತೆಗೆ ಬರುತ್ತೇನೆ ಎಂದಿದ್ದಾರೆ, ಅಕ್ಕ ಬೇಡ ಎಂದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಒದ್ದೆ ಬಟ್ಟೆಯನ್ನು ಕಣ್ಣಿಂದ ತೆಗೆದು ಕನ್ನಡಕ ಹಾಕಿಕೊಳ್ಳುತ್ತಾರೆ. ಅವರು ಆ ಕಲಾವಿದರನ್ನು ಬದುಕಿದ್ದಾಗ ಒಂದೇ ಒಂದು ಸಲ ಕಂಡಿದ್ದರು. ಒಂದು ಕಿಟಕಿಯ ನೆರಳು ತಪ್ಪಿದ್ದನ್ನು ಅಕ್ಕ ಹಿಡಿದಾಗ, ಥ್ಯಾಂಕ್ಸ್ ಹೇಳಲೆಂದೇ ಒಂದು ಬೆಳಿಗ್ಗೆ, ಬೇರೆ ಯಾರೂ ಬರುವ ಮುಂಚೆ, ಈ ಮಹಡಿ ಹತ್ತಿ ಬಂದಿದ್ದರು; ಮಾಲೀಕರ ಜೊತೆ ಅವರದು ಏನಿದ್ದರೂ ಫೋನಿನಲ್ಲೇ. ಬೇರೆ ಯಾವ ಕಲಾವಿದರೂ ಹಾಗೆ ಬಂದಿಲ್ಲ.

“ಇನ್ನು ಹದಿಮೂರು ತಿಂಗಳು ಈ ಕಣ್ಣು ಕೈಕೊಡದೆ ಇದ್ದರೆ ಸಾಕು,” ಎನ್ನುತ್ತಾರೆ. “ಅವರು ಪೂರ್ತಿ ತಿರುಗೋ ದಿನ ಇಲ್ಲಿ ನಾನೇ ಕೂತಿರಬೇಕು. ಮುಖ ಮೂರೂ ಪರದೆಯಲ್ಲಿ ಒಂದೇ ಥರ ಇದೆಯಾ ಅಂತ ಯಾರು ಬೇಕಾದ್ರೂ ನೋಡಬಹುದು. ಅದು ಅವರ ಮುಖಾನೇ ಹೌದಾ ಅಂತ ಹೇಳೋಕೆ ಈ ಆಫೀಸಲ್ಲಿ ನಾನೊಬ್ಬಳೇ ಇರೋದು.”