ಚಪಾತಿ ಹಿಟ್ಟಿನ ಅಳತೆಗೆ ತಂದ ದುರ್ಬೀನು

ನಮ್ಮ ಮನೆಯ ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಪಕ್ಕ ಒಂದು ರೈಫಲ್ ಮಲಗಿರುತ್ತದೆ. ಮಾವನವರಿಂದ ನಮ್ಮ ಯಜಮಾನರಿಗೆ ಬಂದದ್ದು. ಈಗ ಲೈಸೆನ್ಸೂ ಇವರ ಹೆಸರಿಗೇ ಆಗಿದೆ. ಪಾಯಿಂಟ್ ಟೂಟೂ ಅನ್ನುತ್ತಾರೆ. ಅದರ ತೋಟಾ ನನ್ನ ಕಿರುಬೆರಳಿನಷ್ಟೂ ಇಲ್ಲ. ಅದರಿಂದ ಇದುವರೆಗೆ ಒಂದು ಜೀವವೂ ಹೋಗಿಲ್ಲ, ತಾಯಿ ಚಾಮುಂಡಿ ದೊಡ್ಡವಳು. ಹೋಗಿರುವುದೆಲ್ಲ ಖಾಲಿ ಡಬ್ಬಗಳು. ಊರಾಚೆ ಶೂಟಿಂಗ್ ಮೈದಾನವೊಂದಿದೆ. ಅಲ್ಲಿ ಭಾನುವಾರ ಪಂದ್ಯದ ಹುಡುಗರು ಅಭ್ಯಾಸ ಮುಗಿಸಿ ಹೋದ ಮೇಲೆ ಹಳೆಯ ಸದಸ್ಯರು ತಂತಿಗೆ ಡಬ್ಬ ನೇತುಹಾಕಿ ಗುರಿ ಹೊಡೆಯುತ್ತಾರೆ. ಡಬ್ಬ ಒದಗಿಸುವ ಕೆಲಸ ನನ್ನದು. ಒಳ್ಳೆಯ ಮುಚ್ಚಳದ ಡಬ್ಬಗಳನ್ನು ಬಚ್ಚಿಟ್ಟು ತುಕ್ಕು ಹಿಡಿದವನ್ನು ಕೊಡುತ್ತೇನೆ.

ಚುನಾವಣೆ ಘೋಷಣೆಯಾದಾಗಲೆಲ್ಲ ಆ ರೈಫಲನ್ನು ಠಾಣೆಗೆ ಒಪ್ಪಿಸಬೇಕು. ಅಷ್ಟು ದಿನ ನನ್ನ ಸೀರೆಗಳು ಕಾಲು ಚಾಚಿ ಮಲಗುತ್ತವೆ. ಪ್ರಜಾಪ್ರಭುತ್ವದಿಂದ ನನಗೆ ಕೈಗೆ ಸಿಕ್ಕಿರುವ ಲಾಭ ಅದೊಂದೇ. ಮತ ಎಣಿಕೆ ಮುಗಿದ ಮೇಲೆ ಅದು ಮತ್ತೆ ಬಂದು ಬೀರು ಸೇರುತ್ತದೆ. ಹಾಗಾಗಿ ಬೆಟ್ಟ ಹತ್ತಿದಾಗಲೆಲ್ಲ, ‘ತಾಯಿ, ಇದೊಂದು ಹೇಗಾದರೂ ಮನೆಯಿಂದ ಹೋಗಲಿ’ ಎಂದು ಬೇಡಿಕೊಂಡು ಬರುತ್ತಿದ್ದೆ.

ತಾಯಿ ನನ್ನ ಅರ್ಜಿಯನ್ನು ಕೈಗೆತ್ತಿಕೊಂಡ ರೀತಿ ಮಾತ್ರ ನಾನು ಎಣಿಸಿದಂತಿರಲಿಲ್ಲ. ಐವತ್ತು ದಾಟಿದ ಮೇಲೆ ಯಜಮಾನರ ಕಣ್ಣು ಹತ್ತಿರದ್ದನ್ನು ಕೈಬಿಟ್ಟಿತು. ರೈಫಲಿನ ಹಿಂದೊಂದು ಕಚ್ಚು, ನಳಿಕೆಯ ತುದಿಯಲ್ಲೊಂದು ಕಡ್ಡಿ. ಎರಡನ್ನೂ ಡಬ್ಬದ ನೇರಕ್ಕೆ ತರಬೇಕು. ಇವರಿಗೆ ಕಚ್ಚು ಮಂಜು, ಕಡ್ಡಿ ಎರಡು, ಡಬ್ಬ ಒಂದೇ ಸರಿ. ತಿಂಗಳುಗಟ್ಟಲೆ ಒಂದೂ ಉರುಳಲಿಲ್ಲ. ಬರೀ ಹಿಂದಿನ ಮಣ್ಣಿನ ದಿಬ್ಬ ಪೆಟ್ಟು ತಿಂದಿತು.

ನನ್ನ ಅಣ್ಣ ಕಡಕೊಳದ ಹತ್ತಿರ ಜಮೀನು ಮಾಡಿಕೊಂಡಿದ್ದಾನೆ. ಅವನಿಗೂ ಲೈಸೆನ್ಸ್ ಇದೆ, ಅದೇ ಮೈದಾನದ ಸದಸ್ಯ, ಮತ್ತು ನಮ್ಮ ರೈಫಲಿನ ಮೇಲೆ ಹಳೆಯ ಆಸೆ. ಇವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆದುಕೊಂಡು, ಬಹುವಚನದಲ್ಲೇ ಕಾಲೆಳೆಯುತ್ತಾರೆ. ಒಂದು ಭಾನುವಾರ ಅಣ್ಣ, “ಬುಡಿ ಭಾವ, ಅದ್ನ ನನ್ನೆಸ್ರಿಗೆ ಮಾಡ್ಕೊಡಿ. ನೀವು ಡಬ್ಬ ಕಟ್ಟಿ, ನಾನು ಹೊಡೀತೀನಿ” ಅಂದ. ಇವರಿಗೆ ಎಲ್ಲಿತ್ತೋ ರೋಷ. ಆಯುಧಪೂಜೆ ಮುಗಿದ ಮೇಲಿನ ಭಾನುವಾರ, ನೀವು ತೋರಿಸಿದ ಡಬ್ಬಗಳಿಗೇ ಹೊಡೆಯುತ್ತೇನೆ, ಮೂರು ತೋಟಾದಲ್ಲಿ ಎರಡು ಉರುಳಿಸದಿದ್ದರೆ ರೈಫಲ್ ನಿಮ್ಮದು ಎಂದುಬಿಟ್ಟರು. ಅಣ್ಣ ಕೈಕುಲುಕಿದ. ಅಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು.

ಅಂದು ಸಂಜೆ ಇವರು ಬೀರು ತೆಗೆದು ರೈಫಲನ್ನು ಒರೆಸುತ್ತ ಕುಳಿತರು. ಅಪ್ಪ ಹಿಡಿದ ಜಾಗ ಎಂದು ಹಿಡಿಕೆಯ ಸವೆದ ಕಡೆ ಬೆರಳಾಡಿಸಿದರು. ಉಪ್ಪಿಟ್ಟು ಆರಿಹೋಯಿತು. ಮರುದಿನವೇ ದೇವರ ಮನೆಯಲ್ಲಿ, ‘ತಾಯಿ, ಹಿಂದೆ ಹೇಳಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ’ ಎಂದು ತಿದ್ದುಪಡಿ ಸಲ್ಲಿಸಿದೆ.

ಕಣ್ಣಿಗೆ ಆಗದಿದ್ದರೆ ಮೇಲೊಂದು ದುರ್ಬೀನು ಕೂರಿಸಿದರಾಯಿತಲ್ಲ ಎಂದದ್ದು ನಾನೇ. ಈಗಿನವರು ಸ್ಕೋಪ್ ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಕೆಲವು ಸ್ಕೋಪುಗಳು ರೈಫಲಿಗಿಂತ ದುಬಾರಿ. ತುಕ್ಕು ಡಬ್ಬ ಹೊಡೆಯಲು ಅಷ್ಟು ಸುರಿಯುವವರು ಯಾರು? ನಮ್ಮ ಕೈಗೆಟಕುವಂಥದ್ದು ಪೇಟೆಯಲ್ಲೇ ಇದ್ದೀತು ಎಂದು ಹೊರಟೆವು. ಆದರೆ ರೈಫಲನ್ನು ಹೆಗಲಿಗೆ ಹಾಕಿಕೊಂಡು ವಿದ್ಯಾರಣ್ಯಪುರಂನಿಂದ ಸಿಟಿ ಬಸ್ಸು ಹತ್ತುವಂತಿಲ್ಲ. ಅದರ ಬೆನ್ನ ಮೇಲೆ ಸ್ಕೋಪಿನ ಹಿಡಿ ಕಚ್ಚಿಕೊಳ್ಳಲು ಉದ್ದಕ್ಕೆ ಕೊರೆದ ಎರಡು ತೋಡುಗೆರೆ ಇವೆ. ಅವುಗಳ ಅಗಲ ಎಷ್ಟೆಂದು ಇವರಿಗೂ ಗೊತ್ತಿಲ್ಲ. ಟೇಪು ಹಿಡಿದು ಮೂರು ಸಲ ಮೂರು ಅಳತೆ ಹೇಳಿದರು. ನಾನು ಸುಮ್ಮನೆ ಒಳಗೆ ಹೋಗಿ, ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ಒಂದು ಉಂಡೆ ಗಟ್ಟಿಯಾಗಿ ನಾದಿ, ರೈಫಲಿನ ಬೆನ್ನಿಗೆ ಒತ್ತಿ ಅಚ್ಚು ತೆಗೆದು, ಅದಕ್ಕೆ ಒಣಹಿಟ್ಟು ಉದುರಿಸಿ ಇನ್ನೊಂದು ಉಂಡೆ ಒತ್ತಿ ಬೆನ್ನಿನದೇ ಪಡಿಯಚ್ಚು ಎತ್ತಿದೆ. ಅರಿಶಿನ ಸವರಿ ಬಿಸಿಲಿಗಿಟ್ಟರೆ ಕಲ್ಲಾಯಿತು. ಟಿಫನ್ ಡಬ್ಬಿಯಲ್ಲಿಟ್ಟು ಒಯ್ದೆ. ಅಂಗಡಿಯವನು ಮುಚ್ಚಳ ತೆಗೆದದ್ದೇ ಎರಡೂ ಕೈ ಮುಂದೆ ಚಾಚಿ, ಯಾವ ದೇವಸ್ಥಾನದ ಪ್ರಸಾದ ಅಮ್ಮ ಎಂದು ಕೇಳಿದ.

ಅವನು ಮೊದಲು ತೆಗೆದದ್ದು ರೆಡ್ ಡಾಟ್ ಎಂಬ ಸಣ್ಣ ಗಾಜಿನ ಕಿಟಕಿ. ಗುಂಡಿ ಒತ್ತಿದರೆ ಒಳಗೆ ಕೆಂಪು ಚುಕ್ಕಿ ಉರಿಯುತ್ತದೆ; ಚುಕ್ಕಿಯನ್ನು ಗುರಿಯ ಮೇಲಿಟ್ಟು ಹೊಡೆಯುವುದು. ನನಗೆ ಕಂಡದ್ದು ದುಂಡಗಿನ ಕುಂಕುಮದ ಬೊಟ್ಟು, ಲಕ್ಷಣವಾಗಿತ್ತು. ಇವರು ಇಣುಕಿ, “ಅಳಿಸಿರೋ ಕುಂಕುಮ ಇದ್ದಂಗೈತೆ ಕಣೇ” ಅಂದರು. ಕೆಲವರ ಕಣ್ಣಿನ ದೋಷಕ್ಕೆ ಹಾಗೆ ಸವರಿದಂತೆ ಕಾಣುತ್ತದಂತೆ. ಅಳಿಸಿದ ಕುಂಕುಮವನ್ನು ನೋಡುತ್ತ ನನ್ನ ಗಂಡ ಯಾವ ಕೆಲಸಕ್ಕೂ ಕೈಹಾಕುವುದು ಬೇಡ ಎಂದು ನಾನು ಪೆಟ್ಟಿಗೆ ಮುಚ್ಚಿದೆ. ಅದರ ಹಿಡಿಯೂ ನನ್ನ ಹಿಟ್ಟಿನ ಅಚ್ಚಿಗೆ ತೀರಾ ಅಗಲವಾಗಿತ್ತು.

ಆಮೇಲೆ ಬಂದದ್ದು ಮೊಳದುದ್ದದ್ದು, ಮೈತುಂಬ ತಿರುಪು. ನಾನು ಬಾಗಿಲಿಗೆ ಬಂದು ನೋಡಿದೆ. ರಸ್ತೆಯ ಕೊನೆಯ ಬೇಕರಿಯಲ್ಲಿ ಯಾರೋ ಕಡಿದ ಬನ್ನಿನ ಹಲ್ಲಿನ ಗುರುತು ಕಂಡಿತು. ಎದುರು ಅಂಗಡಿಯ ಬೋರ್ಡು ಮಾತ್ರ ಮಬ್ಬು. ಕೈ ಒಂದಿಷ್ಟು ಅಲುಗಿದರೆ ಇಡೀ ಬೇಕರಿಗೆ ಭೂಕಂಪ. ನಮ್ಮ ಡಬ್ಬಗಳು ಎದುರು ಅಂಗಡಿಯಷ್ಟು ದೂರದಲ್ಲಿ ನೇತಾಡುವವು. ಬನ್ನು ನೋಡಿ ನಾವೇನು ಮಾಡೋಣ? ಅಂಗಡಿಯವನು ಅದನ್ನೇ ಹೊಗಳುತ್ತಿದ್ದ. ಹತ್ತಿರದ ಗುರಿಗೆಂದೇ ಮಾಡಿದ್ದು ಇಲ್ಲವೇನಪ್ಪ ಎಂದು ಕೇಳಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿನ ಖಾನೆಗೆ ಬಗ್ಗಿದ. ಧೂಳು ಹಿಡಿದ ಪೆಟ್ಟಿಗೆ, ಒಳಗೆ ಗೇಣುದ್ದದ ಬಡಕಲು ಕೊಳವೆ. ನಾಲ್ಕರಷ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮಧ್ಯೆ ಗುರಿಗೆ ಅಡ್ಡ-ಉದ್ದದ ಕೂಡುಗೆರೆ, ಬೇರೇನೂ ಆಡಂಬರವಿಲ್ಲ. ಎದುರು ಬೋರ್ಡಿನ ಅಕ್ಷರ ಇವರೇ ಒಂದೊಂದಾಗಿ ಓದಿದರು. ಹಿಡಿಯನ್ನು ಅಚ್ಚಿನ ಮೇಲಿಟ್ಟರೆ ಕಟಕ್ ಎಂದು ಕೂತಿತು. ಇದ್ದದ್ದರಲ್ಲಿ ಅಗ್ಗದ್ದೂ ಅದೇ. ಕಣ್ಣಿಗೊಪ್ಪಿದ್ದು ಕೈಗೂ ಎಟುಕುವುದು ದೇವರ ದಯೆಯಲ್ಲದೆ ಮತ್ತೇನು?

ಮುಂದಿನ ಭಾನುವಾರ ಇವರು ಮೈದಾನದಲ್ಲಿ ಒಂದೊಂದೇ ತೋಟಾ ಹೊಡೆದು, ಗುರಿಯನ್ನು ಎಡಬಲಕ್ಕೆ ಸರಿಸುವ ಸ್ಕೋಪಿನ ಪಕ್ಕದ ತಿರುಪನ್ನೂ ಮೇಲೆಕೆಳಗೆ ಸರಿಸುವ ಮೇಲಿನ ತಿರುಪನ್ನೂ ಇಷ್ಟಿಷ್ಟೇ ತಿರುಗಿಸಿ, ಗುಂಡು ಬೀಳುವ ಜಾಗವನ್ನೂ ಕೂಡುಗೆರೆಯನ್ನೂ ಒಂದು ಮಾಡಿಕೊಂಡು ಬಂದರು. ಹೋದ ಯೌವನ ಬಂದವರ ಹಾಗೆ ಮೆಟ್ಟಿಲು ಹತ್ತಿದರು.

ಆಯುಧಪೂಜೆ ಬಂತು. ಆ ಹಬ್ಬದಲ್ಲಿ ನಮ್ಮ ಮನೆಯ ಯಾವ ವಸ್ತುವೂ ನನ್ನ ಕೈಯಿಂದ ತಪ್ಪಿಸಿಕೊಳ್ಳುವುದಿಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚುವಷ್ಟು ಬಿಚ್ಚಿ, ಒರೆಸಿ, ಮೂರೆಳೆ ವಿಭೂತಿ ಬಳಿದು ಬೊಟ್ಟಿಡಬೇಕು. ಸ್ಕೋಪಿಗೂ ಆ ಭಾಗ್ಯ ಸಿಕ್ಕಿತು. ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಒಳಗೆ ತಿರುಪು, ಸಂದಿಯಲ್ಲಿ ಎಣ್ಣೆಜಿಡ್ಡು. ಮಿಕ್ಸಿಯ ಗುಂಡಿಯನ್ನು ಒರೆಸಿದ ಹಾಗೆಯೇ ಅದನ್ನೂ ಗರಗರ ತಿರುಗಿಸಿ, ಜಿಡ್ಡೆಲ್ಲ ಬಟ್ಟೆಗೆ ಹತ್ತಿಸಿ, ಮುಚ್ಚಳ ಹಾಕಿ ಬೊಟ್ಟಿಟ್ಟೆ. ಮೇಲುಗಡೆಯದು ಬಿಗಿಯಾಗಿತ್ತು, ಬಿಚ್ಚಲಿಲ್ಲ. ಅದು ಎಂಥ ಪುಣ್ಯ ಎಂದು ಆಗ ತಿಳಿಯಲಿಲ್ಲ.

ಭಾನುವಾರ ಅಣ್ಣ ಇಸ್ತ್ರಿ ಮಾಡಿದ ಶರಟು ತೊಟ್ಟು, ರೈಫಲ್ ಒಯ್ಯಲು ಚೀಲವನ್ನೂ ತಂದಿದ್ದ. ಸ್ಕೋಪಿನ ಮೇಲಿನ ಕುಂಕುಮ ನೋಡಿ, “ಏನಮ್ಮ, ಮದ್ವೆ ಮಾಡಿ ಕಳಿಸ್ತಿದೀಯ?” ಎಂದು ನಕ್ಕ. ತಂತಿಯಲ್ಲಿ ಡಬ್ಬಗಳು ಗೇಣಿಗೊಂದರಂತೆ ಸಾಲಾಗಿ ತೂಗುತ್ತಿದ್ದವು. ಅಣ್ಣ ನಡುವಿನ ಹಾಲುಪುಡಿ ಡಬ್ಬ ತೋರಿಸಿದ. ಯಜಮಾನರು ಉಸಿರು ಬಿಗಿಹಿಡಿದು ಹೊಡೆದರು. ಹಾಲುಪುಡಿ ಡಬ್ಬ ಮಿಸುಕಲಿಲ್ಲ. ಅದರ ಎಡಕ್ಕಿದ್ದ ಡಬ್ಬ ಠಣ್ ಎಂದು ಹಾರಿ ಬಿತ್ತು.

ಇವರು ಸ್ಕೋಪನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ಆ ಗರಗರ ಸದ್ದು ನೆನಪಾಯಿತು. ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ, ಹಬ್ಬದ ದಿನ ಪಕ್ಕದ ತಿರುಪನ್ನು ತಿರುಗಿಸಿ ಒರೆಸಿದ್ದನ್ನು ಹೇಳಿದೆ. ಎಷ್ಟು ಸುತ್ತು ಎಂದು ಹಲ್ಲು ಕಚ್ಚಿ ಕೇಳಿದರು. ಚೊಕ್ಕಟವಾಗುವಷ್ಟು ಅಂದೆ. ತಿರುಗಿ ಸರಿಮಾಡಿಕೊಳ್ಳಲು ಹೆಚ್ಚಿನ ತೋಟಾ ಇಲ್ಲ. ಉಳಿದದ್ದು ಎರಡೇ, ಎರಡೂ ತಗುಲಬೇಕು. ಇವರ ಕೈ ಹಿಡಿಕೆಯ ಸವೆದ ಜಾಗವನ್ನು ಬಿಗಿಯಾಗಿ ಹಿಡಿದಿತ್ತು.

“ಎಡಗಡೆ ಪಕ್ಕದ್ಮನೆಗೆ ಹೋಗ್ತೈತೆ ಅಷ್ಟೇ ತಾನೇ?” ಅಂದೆ. “ನೀವು ಬಲಗಡೆ ಪಕ್ಕದ್ಮನೆಯವರನ್ನ ನೋಡಿ ಹೊಡೀರಿ.”

“ಮೋಸ ಆಗಲ್ವೇನೇ?”

“ಯಾವ್ದು ಉರುಳ್ಬೇಕು ಅಂತ ಮಾತಾಡಿರೋದು ಕಣ್ರೀ. ಯಾವ್ದನ್ನ ನೋಡ್ಬೇಕು ಅಂತಲ್ಲ.”

ಅಣ್ಣ ಮತ್ತೆ ಹಾಲುಪುಡಿ ಡಬ್ಬವನ್ನೇ ತೋರಿಸಿದ. ಯಜಮಾನರು ನಳಿಕೆಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರು. ಠಣ್. ಹಾಲುಪುಡಿ ಡಬ್ಬ ನೆಲಕ್ಕೆ ಬಿತ್ತು. ಅಣ್ಣನ ನಗು ಅರ್ಧಕ್ಕೆ ನಿಂತಿತು. ಅವನೂ ನನ್ನ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನು. ಏನೋ ವಾಸನೆ ಹಿಡಿದು, ಕೊನೆಯ ತೋಟಾಕ್ಕೆ ಸಾಲಿನ ಬಲತುದಿಯ ಡಬ್ಬ ತೋರಿಸಿದ. ಅದರ ಬಲಕ್ಕೆ ಡಬ್ಬವೇ ಇಲ್ಲ. ಶಿವಶಿವಾ ಎಂದು ಆ ಕಡೆ ನೋಡಿದೆ. ತಂತಿಗೆ ಆಸರೆಯಾಗಿ, ಆ ಡಬ್ಬದಿಂದ ಸರಿಯಾಗಿ ಗೇಣು ದೂರಕ್ಕೆ, ಕಂಬ ನಿಂತಿತ್ತು. ಅಣ್ಣನ ಎದುರೇ, ಗಟ್ಟಿಯಾಗಿಯೇ ಹೇಳಿದೆ: “ರೀ, ಮನೆ ಇಲ್ದಿದ್ರೆ ಕಾಂಪೌಂಡಾದ್ರೂ ಐತಲ್ಲ.”

ಇವರ ಹುಬ್ಬು ಸಡಿಲವಾಯಿತು. ಕಂಬವನ್ನು ನೋಡಿ ಹೊಡೆದರು. ತುದಿಯ ಡಬ್ಬ ಎರಡು ಸುತ್ತು ಸುತ್ತಿ ಉದುರಿತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅಣ್ಣನಿಗೆ ನಂಬಿಕೆಯಾಗಲಿಲ್ಲ. ತನ್ನ ಜೇಬಿನಿಂದ ತೋಟಾ ತೆಗೆದು ಯಜಮಾನರ ಅನುಮತಿ ಕೇಳಿ ರೈಫಲ್ ತೆಗೆದುಕೊಂಡ. ಉಳಿದ ಡಬ್ಬಗಳಲ್ಲಿ ಒಂದನ್ನು ಹೆಸರಿಸಿ, ಪ್ರಾಮಾಣಿಕವಾಗಿ ಅದರ ನಡುಮಧ್ಯಕ್ಕೇ ಕೂಡುಗೆರೆ ಇಟ್ಟು ಹೊಡೆದ. ಎಡಗಡೆಯದು ಉದುರಿತು. ಇನ್ನೊಮ್ಮೆ ಹೊಡೆದ, ದಿಬ್ಬದ ಮಣ್ಣು ಹಾರಿತು. ನಾನು ಚಕ್ಕುಲಿಯ ಡಬ್ಬಿ ತೆಗೆದು ಅವನ ಮುಂದಿಟ್ಟೆ.

“ಇದ್ಕೆ ನಿಯತ್ತೇ ಇಲ್ಲ ಭಾವ,” ಎಂದು ಅಣ್ಣ ರೈಫಲನ್ನು ಇವರ ಕೈಗೆ ಕೊಟ್ಟ. “ಒಂದ್ಕಡೆ ನೋಡ್ತೈತೆ, ಇನ್ನೊಂದ್ಕಡೆ ಹೊಡೀತೈತೆ.”

“ನಿಮ್ ತಂಗಿ ಪಳಗಿಸಿರೋದು,” ಅಂದರು ಯಜಮಾನರು. “ಬೇರೆ ಮನೇಲಿ ಬಾಳಲ್ಲ ಬುಡಿ.”