ಸಿಗರೇಟಿನ ಬೆಲೆಯೂ ನಮ್ಮ ಮನೆಯವರ ಕಾಲೂ

ನಮ್ಮ ಮನೆಯವರಿಗೆ ಸಿಗರೇಟಿನ ಖರ್ಚು ತಿಳಿಸಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ನಮ್ಮ ಮನೆಯವರು ಗುಳೇದಗುಡ್ಡದ ಕುಪ್ಪಸದ ಖಣಗಳನ್ನು ಬಾದಾಮಿ, ಹುನಗುಂದ, ಇಳಕಲ್ಲಿನ ಸೀರೆ ಅಂಗಡಿಗಳಿಗೆ ಹಾಕುವ ವ್ಯಾಪಾರಿ. ಬೆಲೆ ಎಷ್ಟೇ ಏರಲಿ, ಅವರ ಹೊಗೆ ಮಾತ್ರ ಇಳಿಯಲಿಲ್ಲ.

ಹೋದ ವರ್ಷ ಅವರ ಎಡಗಾಲಿನ ಹೆಬ್ಬೆರಳು ತಣ್ಣಗಾಗಿ, ಕಪ್ಪಗಾಗತೊಡಗಿತು. ರಕ್ತನಾಳ ಮುಚ್ಚಿಕೊಳ್ಳುತ್ತಿದೆ, ಸಿಗರೇಟು ಪೂರ್ತಿ ಬಿಟ್ಟರೆ ಕಾಲು ಉಳಿದೀತು, ಇಲ್ಲವಾದರೆ ಬೆರಳಿನಿಂದ ಶುರುಮಾಡಿ ಕತ್ತರಿಸುತ್ತ ಹೋಗಬೇಕಾದೀತು ಎಂದು ಡಾಕ್ಟರು ಮುಖಕ್ಕೇ ಹೇಳಿದರು. ಹೊರಗೆ ಬಂದದ್ದೇ ಇವರು ಯಾರ ಮುಂದೆಯೂ ಬಾಯಿಬಿಡಬೇಡ ಎಂದರು. ಊರೂರು ತಿರುಗುವ ವ್ಯಾಪಾರಿಯ ಕಾಲು ಹೋಗುತ್ತದೆಂದರೆ ಗಿರಾಕಿಗಳು ಮೊದಲು ಹೋಗುತ್ತಾರೆ ಎಂಬುದು ಅವರ ಚಿಂತೆ.

ಆಸ್ಪತ್ರೆಯವರೇ ಫೋನಿನಲ್ಲಿ ಮುಖ ನೋಡಿ ಮಾತಾಡುವ ಕೌನ್ಸೆಲರ್ ಒಬ್ಬರನ್ನು ಗೊತ್ತುಮಾಡಿಕೊಟ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮೆತ್ತಗೆ, ಪಟ್ಟು ಬಿಗಿ. ಗುರುವಾರ ಸಂಜೆ ಇವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕನ್ಯೆ ನೋಡಲು ಹೊರಟವರ ಹಾಗೆ ಫೋನಿನ ಮುಂದೆ ಕೂರುತ್ತಿದ್ದರು. ಮನೆಯಲ್ಲಿ ಸೇದುವುದು ಬೇಗ ನಿಂತಿತು. ಆದರೆ ಇಳಕಲ್ಲಿಗೆ ಹೋಗಿ ಬಂದ ದಿನ ಅಂಗಿಗೆಲ್ಲ ಅದೇ ವಾಸನೆ. ಕೌನ್ಸೆಲರ್ ಒಮ್ಮೆ ಉಳಿತಾಯದ ಮಾತು ತೆಗೆದಾಗ ಇವರಿಗೆ ಸಿಟ್ಟೇ ಬಂತು.

“ನಾ ಈಗೆಲ್ಲಿ ಕೊಂಡು ಸೇದ್ತೇನ್ರಿ? ಗಾದಿ ಮ್ಯಾಲೆ ಕೊಟ್ಟ ಸಿಗರೇಟ ಅದು. ಅದನ್ನ ಬ್ಯಾಡ ಅಂದ್ರ, ಕೊಟ್ಟವರನ್ನ ಬ್ಯಾಡ ಅಂದಂಗ.”

ಸುಳ್ಳಲ್ಲ. ನಮ್ಮ ಸೀರೆ ಪೇಟೆಯಲ್ಲಿ ಅಂಗಡಿಯೊಳಗಿನ ಗಾದಿಯ ಮೇಲೆ ಕೂತವರಿಗೆ ಮೊದಲು ಚಹಾ, ಆಮೇಲೆ ಸಿಗರೇಟು, ವ್ಯವಹಾರದ ಮಾತು ಅದರ ನಂತರ. ಹಿರಿಯರು ಚಾಚಿದ ಕೈಯನ್ನು ಬರಿದೇ ಹಿಂದೆ ಕಳಿಸಿದರೆ ಸೊಕ್ಕು ಬಂದಿದೆ ಎನ್ನುತ್ತಾರೆ.

ಅದೇ ಹೊತ್ತಿಗೆ ನಮ್ಮ ವಿಭಾಗಕ್ಕೆ ತಂಬಾಕಿನ ಬೆಲೆಯ ಬಗ್ಗೆ ಒಂದು ಅಧ್ಯಯನ ಬಂತು. ಬೆಲೆ ಏರಿದ ಮೇಲೆ ಗಿರಾಕಿಗಳು ಏನು ಮಾಡುತ್ತಾರೆ ಎಂದು ಪಾನ್ ಅಂಗಡಿಗಳಲ್ಲಿ ಕೇಳುತ್ತ ಹೋಗುವ ಕೆಲಸ. ಬಾದಾಮಿಯಲ್ಲಿ ಹಲವರು ಅಗ್ಗದ ಸಿಗರೇಟಿಗೆ ಇಳಿದಿದ್ದರು, ಹುನಗುಂದದಲ್ಲಿ ಬೀಡಿಗೆ. ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ. ನನಗೆ ಆಕಳಿಕೆ ಬರುವುದೊಂದು ಬಾಕಿ. ಇಳಕಲ್ಲಿನ ಸೀರೆ ಪೇಟೆಗೆ ಬಂದಾಗ ಕಿವಿ ನೆಟ್ಟಗಾಯಿತು. ಗಾದಿಗೆಂದು ಪಾಕೀಟುಗಟ್ಟಲೆ ಒಯ್ಯುತ್ತಿದ್ದ ಸಾಹುಕಾರರು ಈಗ ಬಂದವರ ತಲೆ ಎಣಿಸಿ ಬಿಡಿ ಸಿಗರೇಟು ತರಿಸುತ್ತಾರಂತೆ. ಬಂದವರು ಬೇಡ ಎಂದರೆ ಒಳಗೊಳಗೇ ಖುಷಿಯಂತೆ. ಕೇಳಿದ ಅಂಗಡಿಗಳಲ್ಲೆಲ್ಲ ಇದೇ ಮಾತು.

ನಡುಬೀದಿಯಲ್ಲೇ ಕುಣಿಯಬೇಕೆನಿಸಿತು ನನಗೆ. ಕೊಡುವವರಿಗೂ ಬೇಡ, ತೆಗೆದುಕೊಳ್ಳುವವರಿಗೂ ಬೇಡ, ಇಬ್ಬರೂ ಮರ್ಯಾದೆಗೆ ಅಂಜಿ ಸುಡುತ್ತಿದ್ದಾರೆ! ಗುರುವಾರ ಬರುವತನಕ ತಡೆಯಲಾಗಲಿಲ್ಲ. ಅಂದು ನಾನೂ ಫೋನಿನೊಳಗೆ ಮುಖ ತೂರಿಸಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಕೌನ್ಸೆಲರ್ ಕುರ್ಚಿಯಿಂದ ಎದ್ದೇಬಿಟ್ಟರು. ಬೇಡ ಎನ್ನುವುದನ್ನು ಇಷ್ಟು ದಿನ ಕಲಿಸಿದೆ, ಕೊಡುವವರ ಮನಸ್ಸಿನಲ್ಲೇನಿದೆ ಎಂದು ಕೇಳಲೇ ಇಲ್ಲವಲ್ಲ ಎಂದರು. ತಕ್ಷಣ ತಾವೇ ಸಾಹುಕಾರರಾಗಿ ಕೂತು, ಸಿಗರೇಟಿನಂತೆ ಪೆನ್ಸಿಲ್ ಚಾಚಿದರು. ಫೋನಿನ ಈಚೆ ಇವರ ಕೈ ತಾನಾಗಿ ಮುಂದೆ ಹೋಯಿತು. ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಎದೆಯ ಮೇಲೆ ಕೈಯಿಟ್ಟು ನಯವಾಗಿ ಬೇಡ ಎನ್ನುವುದನ್ನು ಮತ್ತೆ ಮತ್ತೆ ಕಲಿಸಿದರು. ಇವರು ಹೂಂ ಎಂದರೂ ನಂಬಿಕೆ ಬಂದಂತೆ ಕಾಣಲಿಲ್ಲ.

ಮುಂದಿನ ವಾರ ಇಳಕಲ್ಲಿಗೆ ನಾನೂ ಜೊತೆಗೆ ಹೋದೆ. ಇವರಿಂದ ಎಲ್ಲರಿಗಿಂತ ಹೆಚ್ಚು ಖಣ ಕೊಳ್ಳುವ ಹಿರಿಯ ಸಾಹುಕಾರರ ಅಂಗಡಿ. ಚಹಾ ಮುಗಿಯಿತು. ಸಾಹುಕಾರರು ಸಿಗರೇಟು ಚಾಚಿದರು. ಇವರು ಎದೆಯ ಮೇಲೆ ಕೈಯಿಟ್ಟರು, ಆದರೆ ಕಲಿತ ಮಾತು ಒಂದೂ ಹೊರಡಲಿಲ್ಲ. ಕೊನೆಗೆ ಹೊರಟದ್ದು ಯಾರೂ ಕಲಿಸದ ಮಾತು.

“ಬ್ಯಾಡ್ರಿ ಸಾಹುಕಾರ್ರ. ಇನ್ನ ಸೇದಿದ್ರ ನನ್ನ ಕಾಲು ತಗೀತಾರಂತ್ರಿ.”

ಸಾಹುಕಾರರ ಕೈ ಅಲ್ಲೇ ನಿಂತಿತು. ಗಿರಾಕಿ ಹೋದರು ಎಂದುಕೊಂಡೆ. ಅವರು ಸಿಗರೇಟನ್ನು ಕಿಸೆಗೆ ಹಾಕಿಕೊಂಡು, ಬೂದಿಯ ಬಟ್ಟಲನ್ನು ಗಾದಿಯಿಂದ ಕೆಳಗೆ ಇಳಿಸಿದರು.

“ಮೊದಲ ಹೇಳಬಾರ್ದೇನೋ ತಮ್ಮಾ? ನನಗೂ ಎದಿ ಹಿಡಿತೈತಿ. ನೀ ಬಂದಾಗ ನಾ ಸೇದಲಿಲ್ಲಂದ್ರ ನಿನ್ನ ಮರ್ಯಾದಿ ಕಡಿಮಿ ಮಾಡಿದಂಗ ಆಗ್ತೈತಂತ ಸೇದ್ತಿದ್ದೆ.”

ಇವರು ಗುರುವಾರದ ಕೌನ್ಸೆಲರ್ ವಿಷಯ ಹೇಳಿದರು. ಆ ಬಾಯಾರು ತಮಗೂ ಸಿಗುತ್ತಾರೇನು ಎಂದು ಸಾಹುಕಾರರು ನನ್ನನ್ನು ಕೇಳಿದರು. ನಾನು ನಗುತ್ತಲೇ ಅಳುತ್ತ ತಲೆಯಾಡಿಸಿದೆ. ಸಾಹುಕಾರರು ಕಾಲು ತೋರಿಸು ಎಂದರು. ಮನೆಯ ಹೊರಗೆ ಎಂದೂ ಕಾಲುಚೀಲ ತೆಗೆಯದ ನನ್ನ ಗಂಡ ಗಾದಿಯ ಮೇಲೆ, ಎಲ್ಲರ ಎದುರಿಗೆ ಅದನ್ನು ಬಿಚ್ಚಿದರು. ಹಿರಿಯರು ತಮ್ಮ ಕಾಲು ಮುಟ್ಟಬಾರದೆಂದು ಇವರು ಹಿಂದಕ್ಕೆಳೆದುಕೊಂಡರೂ ಸಾಹುಕಾರರು ಬಿಡಲಿಲ್ಲ. ಹೆಬ್ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು.

“ಬೆಚ್ಚಗೈತಿ,” ಎಂದರು. “ಉಳೀತೈತಿ.”