ಜೀಪಿಗೆ ಬಿಟ್ಟ ನೀರು

ಕಳೆದ ವರ್ಷ ಆಯುಧಪೂಜೆಯ ದಿನ ಜಯನಗರದ ನಮ್ಮ ಮನೆಯ ಕಾಂಪೌಂಡಿನಲ್ಲಿ ಅಣ್ಣನ ಹಳೆಯ ಮಿಲಿಟರಿ ಜೀಪು ಸ್ಟಾರ್ಟ್ ಆಗಲಿಲ್ಲ. ಸೈನ್ಯದ ಹರಾಜಿನಲ್ಲಿ ಕೊಂಡ ಆ ಗಾಡಿಯನ್ನು ಅವನು ತಾನೇ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದ. ಅವನ ಲೈಸೆನ್ಸಿನ ಅವಧಿ ಅಂದಿಗೆ ಮುಗಿಯುತ್ತಿತ್ತು. ದೃಷ್ಟಿ ಮಂದವಾಗಿದ್ದರಿಂದ ಅದು ಮತ್ತೆ ಸಿಗುವಂತಿರಲಿಲ್ಲ. ಪೂಜೆ ಮುಗಿಸಿ, ಚಕ್ರದಡಿಯ ನಿಂಬೆಹಣ್ಣು ತುಳಿಸಿ, ಬನಶಂಕರಿಯವರೆಗೆ ಕೊನೆಯದಾಗಿ ಒಂದು ಸುತ್ತು ಹೋಗಿಬರಬೇಕೆಂದಿದ್ದ.

ಪ್ರತಿ ವರ್ಷ ಎಂಜಿನ್ನನ್ನು ಅವನು ಬಟ್ಟೆಯಲ್ಲಿ ಒರೆಸುತ್ತಿದ್ದ, ಅಷ್ಟೆ. ಆ ಸಲ ಕೆಲಸ ನನಗೆ ಬಂತು. ಹೊಳೆಯಲಿ ಎಂದು ಬಾನೆಟ್ ಎತ್ತಿ ಪೈಪಿನಿಂದ ನೀರು ಬಿಟ್ಟೆ.

ಅಣ್ಣ ಸಂಜೆಯವರೆಗೂ ಕೀಲಿ ತಿರುಗಿಸಿದ. ತಳ್ಳೋಣ ಎಂದೆ.

"ಬಿಡೋ, ನಿಂಬೆಹಣ್ಣನ್ನ ಯಾರಾದ್ರೂ ತಳ್ಕೊಂಡು ತುಳಿಸ್ತಾರಾ?" ಎಂದ.

ಹಬ್ಬ ಕಳೆದ ಮೇಲೆ ಕೋಣನಕುಂಟೆಯಿಂದ ಮೆಕ್ಯಾನಿಕ್ ಬಂದ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿದ್ದ ನೀರನ್ನು ನನಗೆ ತೋರಿಸಿದ.

"ಮಿಲಿಟರಿ ಗಾಡಿ ಅಂತ ಹೊಳೆಗೇ ಇಳಿಸಿಬಿಟ್ರಾ ಸಾರ್?"

ಒರೆಸಿ ಒಣಗಿಸಿದ ಮೇಲೆ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

"ಬನ್ನಿ ಅಂಕಲ್, ನೀವೇ ತೆಗೀರಿ," ಎಂದು ಮೆಕ್ಯಾನಿಕ್ ಅಣ್ಣನನ್ನು ಕರೆದ.

"ನಂದು ಹಬ್ಬದ ದಿನಕ್ಕೇ ಮುಗೀತಪ್ಪ. ನೀನೇ ತೆಗಿ," ಎಂದ ಅಣ್ಣ.

ಒಣಗಿದ ನಿಂಬೆಹಣ್ಣುಗಳ ಮೇಲೆ ಮೆಕ್ಯಾನಿಕ್ ಜೀಪು ಹತ್ತಿಸಿದ. ಅಣ್ಣ ಗೇಟು ತೆಗೆದು ಹಿಡಿದುಕೊಂಡಿದ್ದ.